ಅವ್ವ ನೀಲಿಯಾದಳು

"ಲೇ ಬಸೂ, ಅವ್ವ ನೀಲಿ ಆಗ್ಯಾಳ. ಲಗೂನ ಬಾ."

ಸಿರುಗುಪ್ಪದಿಂದ ಅಕ್ಕ ಫೋನ್ ಮಾಡಿ ಹೀಗೆ ಅಂದಾಗ ನಾನು ಬಳ್ಳಾರಿಯಲ್ಲಿ ಒಗ್ಗರಣಿ-ಮಿರ್ಚಿ ತಿನ್ನುತ್ತಿದ್ದೆ. ಮಿರ್ಚಿ ಕೆಳಗಿಡಲಿಲ್ಲ. ಯಾಕೆಂದರೆ ನಮ್ಮವ್ವ ತೀರಿಕೊಂಡು ಎರಡು ವರ್ಷವಾಗಿದೆ.

"ಯಾವ ಅವ್ವ?" ಎಂದೆ.

"ನಿನಗ ಎಷ್ಟು ಮಂದಿ ಅವ್ವಂದ್ರು ಅದಾರ? ಹಾಲ್‌ನಾಗಿನ ಅವ್ವ!"

ಆಗ ಮಿರ್ಚಿ ಕೆಳಗಿಟ್ಟೆ.

ಹಾಲ್‌ನಲ್ಲಿರುವ ಅವ್ವ ಎಂದರೆ ಅಕ್ಕನ ಮನೆಯ ಗೋಡೆಯ ಮೇಲಿರುವ ಕ್ಯಾನ್ವಾಸ್ ಪ್ರಿಂಟ್. ನಾಲ್ಕಡಿ ಎತ್ತರ, ಮೂರಡಿ ಅಗಲ. ಅಕ್ಕ ಸಿರಿಗೇರಿಯ ಶಾಲೆಯಲ್ಲಿ ಟೀಚರ್. ಸಿರುಗುಪ್ಪದಲ್ಲಿ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ಎಲ್ಲರೂ ಗೋಡೆ ಗಡಿಯಾರ ಕೊಡುತ್ತಾರೆ, ನಾವು ಬೇರೆ ಏನಾದರೂ ಕೊಡೋಣ ಎಂದು ನಾನು ಅವ್ವನ ಫೋಟೊ ದೊಡ್ಡದು ಮಾಡಿಸಿ ಕೊಟ್ಟಿದ್ದೆ. ಅವ್ವ ಆಗ ಬದುಕಿದ್ದಳು. ಗೋಡೆ ನೋಡಿ, "ಇಷ್ಟು ದೊಡ್ಡದ್ಯಾಕ ಮಾಡ್ಸೀದಿ? ನಾನೇನು ಎಲೆಕ್ಷನ್‌ಗೆ ನಿಂತೀನೇನು?" ಎಂದಿದ್ದಳು.

ಆ ಫೋಟೊದಲ್ಲಿ ಅವ್ವ ನಗುತ್ತಿದ್ದಾಳೆ. ಇದು ನಿಮಗೆ ದೊಡ್ಡ ಸಂಗತಿ ಅನಿಸದಿರಬಹುದು. ನಮ್ಮವ್ವ ಕ್ಯಾಮೆರಾ ಕಂಡರೆ ಉಸಿರು ಹಿಡಿಯುತ್ತಿದ್ದಳು. ನನ್ನ ಮದುವೆಯ ಆಲ್ಬಮ್ ತೆಗೆದು ನೋಡಿ (ನೋಡಬೇಡಿ), ಎಲ್ಲ ಪುಟದಲ್ಲೂ ಯಾರೋ ಚಿನ್ನ ಕದ್ದಿದ್ದಾರೆ, ಇವಳು ಸಾಕ್ಷಿ ಹೇಳಲು ಬಂದಿದ್ದಾಳೆ ಎಂಬಂತೆ ನಿಂತಿದ್ದಾಳೆ. ಆಧಾರ್ ಕಾರ್ಡಿನ ಮುಖ ಇನ್ನೂ ಕಷ್ಟ. ಬಾಯಿ ತೆರೆದು ನಕ್ಕ ಫೋಟೊ ಇಡೀ ಜನ್ಮದಲ್ಲಿ ಒಂದೇ. ಅದೇ ಈಗ ನೀಲಿಯಾಗಿರುವುದು.

ಭಾನುವಾರ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋದೆ.

ನೀಲಿ ಎಂದರೆ ನೀಲಿಯೇ. ಅವ್ವನ ಕೆಂಪು ಸೀರೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹಣೆಯ ಕುಂಕುಮ ಇತ್ತೋ ಇಲ್ಲವೋ ಎಂಬಂತಿತ್ತು. ಕೆನ್ನೆ, ಗದ್ದ, ಕೈ ಎಲ್ಲ ತಿಳಿ ನೀಲಿ. ಎಡಗೆನ್ನೆಯ ಹತ್ತಿರ ಬಟ್ಟೆಯಿಂದ ತಿಕ್ಕಿದ ಹಾಗೆ ಬಿಳಿ ಕಲೆ. ನಗು ಮಾತ್ರ ಇತ್ತು. ಮಂಜಿನ ಹಿಂದೆ ನಿಂತು ನಕ್ಕ ಹಾಗೆ.

"ನೆರಿಮನಿಯಾಕಿ ಬಂದಾಕಿ ಕೈ ಮುಗುದ್ಲು. ಯಾವುದೋ ದೇವಿ ಅಂತ ತಿಳ್ಕೊಂಡಾಳ" ಎಂದಳು ಅಕ್ಕ. ನಗಲಿಲ್ಲ. ಕಣ್ಣು ತುಂಬಿತ್ತು. "ನಾ ದಿನಾ ನೋಡ್ತಿದ್ನಲ್ಲೋ, ಗೊತ್ತಾಗ್ಲೇ ಇಲ್ಲ. ಮೊನ್ನೆ ಒಬ್ರು ಯಾಕ್ರಿ ಟೀಚರ್ ನಿಮ್ಮವ್ವ ಹಿಂಗಾಗ್ಯಾರ ಅಂದ್ರು. ಅವಾಗ ನೋಡಿದ್ನಿ."

ದಿನವೂ ನೋಡುವವರಿಗೆ ಗೊತ್ತಾಗುವುದಿಲ್ಲ. ಇದು ಫೋಟೊಗೆ ಮಾತ್ರ ಅನ್ವಯಿಸುವ ಮಾತೇ?

"ಇನ್ನೊಂದು ಪ್ರಿಂಟ್ ಹಾಕ್ಸಿದ್ರಾತು" ಎಂದೆ, ಧೈರ್ಯ ಹೇಳುವ ದನಿಯಲ್ಲಿ. ಹೇಳಿ ಮುಗಿಸುವಷ್ಟರಲ್ಲಿ ನನಗೇ ನೆನಪಾಯಿತು. ಫೋಟೊ ನನ್ನ ಹತ್ತಿರ ಇಲ್ಲ. ಅದು ಇದ್ದ ಫೋನು ನೀರಿನ ಸಂಪಿನೊಳಗೆ ಬಿದ್ದು ಒಂದು ವರ್ಷವಾಗಿತ್ತು. ಬ್ಯಾಕಪ್ ಎಂಬ ಪದ ನಾನು ಕಲಿತದ್ದು ಅದರ ಮರುದಿನ. ಸರ್‌ಪ್ರೈಸ್ ಕೊಡೋಣ ಎಂದು ಮೊದಲು ಯಾರಿಗೂ ಕಳಿಸಿರಲಿಲ್ಲ. ಆಮೇಲೆ, ಗೋಡೆ ಮೇಲೇ ಇದೆಯಲ್ಲ, ಫೋನಿನಲ್ಲಿ ಯಾಕೆ ಎಂದು ಯಾರೂ ಕೇಳಲಿಲ್ಲ. ಗೃಹಪ್ರವೇಶದ ದಿನದ ಸೆಲ್ಫಿಗಳಿವೆ. ಅವುಗಳಲ್ಲಿ ನೆಂಟರ ತಲೆಗಳ ಹಿಂದೆ ಅವ್ವನ ಒಂದು ಕಿವಿಯೋ ಅರ್ಧ ಸೆರಗೋ ಕಾಣುತ್ತದೆ.

ಸೋಮವಾರ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಆ ಪ್ರಿಂಟ್ ಹಾಕಿಸಿದ್ದ ಅಂಗಡಿಗೆ ಹೋದೆ. ಜಗಳ ಮಾಡಲೆಂದೇ ಹೋದೆ. ಮಾಲೀಕ ರಫೀಕ್ ಭಾಯಿ ನಾನು ಮೊಬೈಲಿನಲ್ಲಿ ತೆಗೆದು ತಂದಿದ್ದ ನೀಲಿ ಅವ್ವನನ್ನು ನೋಡಿ, ಡಾಕ್ಟರು ರಿಪೋರ್ಟು ನೋಡುವಾಗ ಮಾಡುವ ಹಾಗೆ, "ಹ್ಞೂಂ" ಎಂದರು.

"ಪಶ್ಚಿಮದ ಕಿಟಕಿ ಐತೇನ್ರಿ ಎದುರಿಗೆ?"

"ಐತಿ."

"ಪರದಾ?"

"ಇಲ್ಲ."

"ಒದ್ದಿ ಬಟ್ಟಿ ತಗೊಂಡು ಒರಸ್ತಾರ?"

"ಶುಕ್ರವಾರಕ್ಕೊಮ್ಮೆ."

"ಊದಬತ್ತಿ?"

"ಅವ್ವ ಹೋದಮ್ಯಾಲೆ ದಿನಾ."

"ಎರಡು ವರ್ಷದ ಮ್ಯಾಲೆ ತಡದೈತಲ್ರಿ, ಬಾಳ ಆತು" ಎಂದರು ರಫೀಕ್ ಭಾಯಿ.

ನಾನು ಇಂಕ್ ಕಳಪೆ ಎಂದು ದನಿ ಏರಿಸಿದೆ. ಅವರು ಏರಿಸಲಿಲ್ಲ. "ನಾ ಅವತ್ತು ಕೇಳಿದ್ನಿ ಸರ್. ಎರಡು ನಮೂನಿ ಇಂಕ್ ಅದಾವ, ಯಾವುದು ಹಾಕ್ಲಿ ಅಂದ್ನಿ. ನೀವು ಏನಂದ್ರಿ? ಯಾವುದರ ಹಾಕ್ರಿ, ಸಂಜಿಗೆ ಬೇಕು ಅಂದ್ರಿ."

ಅಂದಿದ್ದೆ. ಮರೆತಿರಲಿಲ್ಲ, ನೆನಪಿಸಿಕೊಂಡಿರಲಿಲ್ಲ ಅಷ್ಟೆ.

ಅವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಚಹಾ ತರಿಸಿ ಪಾಠ ಮಾಡಿದರು. ಡೈ ಇಂಕ್ ಎಂದರೆ ಶರಬತ್ತಿನ ಬಣ್ಣವಂತೆ. ನೀರಲ್ಲಿ ಕರಗಿರುತ್ತದೆ, ಹಾಕಿದ ದಿನ ಭಾರಿ ಹೊಳೆಯುತ್ತದೆ, ಬಿಸಿಲು ಕಂಡರೆ ಬಿಟ್ಟು ಹೋಗುತ್ತದೆ. ಪಿಗ್ಮೆಂಟ್ ಇಂಕ್ ಎಂದರೆ ಗೋಡೆಗೆ ಬಳಿಯುವ ಕೆಮ್ಮಣ್ಣಿನ ಹಾಗೆ, ಬಣ್ಣದ ಸಣ್ಣ ಪುಡಿ. ಬಟ್ಟೆಯ ಮೇಲೆ ಕೂತರೆ ಬೇಗ ಏಳುವುದಿಲ್ಲ. ಅದರ ಮೇಲೆ ವಾರ್ನಿಶ್ ಥರದ ಕೋಟಿಂಗ್ ಹೊಡೆಯಬೇಕು. ಅದು ಬಿಸಿಲನ್ನೂ ಹೊಗೆಯನ್ನೂ ತಡೆಯುತ್ತದೆ. "ಆದ್ರೂ ಬಳ್ಳಾರಿ ಬಿಸಿಲು ಬಿಸಿಲೇ ಸರ್. ಯಾವ ಇಂಕ್ ಹಾಕಿದ್ರೂ ಬಿಸಿಲು ಬೀಳೋ ಗ್ವಾಡಿಗೆ ಹಾಕಬಾರ್ದು. ಹಳದಿ, ಕೆಂಪು ಮೊದಲು ಹೋಗ್ತಾವ. ನೀಲಿ ಕೊನೀಗೆ ಉಳೀತೈತಿ. ಅದಕ್ಕ ಅಮ್ಮಾರು ಹಂಗಾಗ್ಯಾರ."

"ಇದನ್ನ ಸರಿ ಮಾಡಾಕ ಬರಂಗಿಲ್ಲೇನು?"

"ಹೋದ ಬಣ್ಣ ಬರಂಗಿಲ್ರಿ. ಫೈಲ್ ತಗೊಂಡು ಬರ್ರಿ, ಹೊಸದು ಮಾಡೋಣು."

ಅವರ ಕಂಪ್ಯೂಟರಿನಲ್ಲಿ ಫೈಲ್ ಇರಲಿಲ್ಲ. ಹಳೆಯದೆಲ್ಲ ಅಳಿಸಿ ಹೋಗಿತ್ತು. ಅವರನ್ನು ಬೈಯಲು ನನಗೆ ಮುಖವಿರಲಿಲ್ಲ. ಸ್ವಂತ ಅವ್ವನ ಫೋಟೊ ನಾನೇ ಇಟ್ಟುಕೊಂಡಿಲ್ಲ, ಅಂಗಡಿಯವರು ಯಾಕೆ ಇಟ್ಟುಕೊಳ್ಳಬೇಕು?

ಉಳಿದದ್ದು ಒಂದೇ ದಾರಿ. ಫೋಟೊ ತೆಗೆದವನನ್ನು ಹುಡುಕುವುದು.

ಮೂರು ವರ್ಷದ ಹಿಂದೆ ಅವ್ವ, ಕುರುಗೋಡಿಗೆ ಕರಕೊಂಡು ಹೋಗು, ದೊಡ್ಡ ಬಸವಣ್ಣನ್ನ ನೋಡಬೇಕು ಎಂದು ಹಟ ಹಿಡಿದಿದ್ದಳು. ನಾನು ರಜೆ ಹಾಕಿ ಕರೆದುಕೊಂಡು ಹೋದೆ (ಅರ್ಧ ದಿನದ್ದು). ಬಸ್ ಸ್ಟ್ಯಾಂಡಿನಿಂದ ಒಂದು ಆಟೊ ಹಿಡಿದೆವು. ಗುಡಿಯ ಮುಂದೆ ಅವ್ವ ಅಪರೂಪಕ್ಕೆ, ಒಂದು ಫೋಟೊ ತೆಗಿ ಎಂದಳು. ನನಗೆ ಆಫೀಸಿನಿಂದ ಕರೆ ಬಂದಿತ್ತು. ಆಟೊದವನಿಗೆ ಕೈಸನ್ನೆ ಮಾಡಿದೆ. ಅವನೇ ತನ್ನ ಫೋನಿನಲ್ಲಿ ತೆಗೆದು, ಆಮೇಲೆ ನನಗೆ ವಾಟ್ಸಾಪ್ ಮಾಡಿದ. ಅವನ ಹೆಸರು ಕೇಳಿರಲಿಲ್ಲ. ನಂಬರು ಸಂಪಿನೊಳಗೆ ಬಿದ್ದ ಫೋನಿನಲ್ಲಿತ್ತು.

ಇಲ್ಲೊಂದು ತಪ್ಪೊಪ್ಪಿಗೆ. ಗೃಹಪ್ರವೇಶದ ದಿನ, ಇವರನ್ನು ನಗಿಸಿದ್ದು ಯಾರಪ್ಪ ಎಂದು ನೆಂಟರು ಕೇಳಿದಾಗ, ನಾನೇ ಎಂದು ಹೇಳಿದ್ದೆ. ಒಬ್ಬರಿಗಲ್ಲ, ಕೇಳಿದ ಎಲ್ಲರಿಗೂ. ಅವ್ವ ಅಲ್ಲೇ ಕುರ್ಚಿಯ ಮೇಲೆ ಕೂತಿದ್ದಳು. ನನ್ನ ಮುಖ ನೋಡಿ, ಸೆರಗು ಸರಿ ಮಾಡಿಕೊಂಡಳು.

ಶನಿವಾರ ಕುರುಗೋಡಿನ ಆಟೊ ಸ್ಟ್ಯಾಂಡಿನಲ್ಲಿ ನಿಂತು ನೀಲಿ ಅವ್ವನನ್ನು ಒಬ್ಬೊಬ್ಬರಿಗೂ ತೋರಿಸಿದೆ. ಮೊದಲನೆಯವನು, "ಯಾವ ದೇವ್ರು ಸರ್ ಇದು?" ಎಂದ. ಎರಡನೆಯವನು ತೆಲುಗಿನಲ್ಲಿ ಏನೋ ಅಂದು ಆಚೆ ಹೋದ. ಮೂರನೆಯವನು ಮೊಬೈಲನ್ನು ಕಣ್ಣಿನ ಹತ್ತಿರ ತಂದು, "ಇದು ಗಾದಿಲಿಂಗನ ಫೋಟೊ ಅಲ್ಲೇನ್ರಿ!" ಎಂದುಬಿಟ್ಟ.

"ನಿಮಗ ಹೆಂಗ ಗೊತ್ತು?"

"ಅವ ಎಲ್ಲಾರಿಗೂ ತೋರಸ್ತಾನ ಸರ್. ನೋಡಿ ನೋಡಿ ಸಾಕಾಗೈತಿ ನಮಗ."

ಗಾದಿಲಿಂಗ ಬಾಡಿಗೆಗೆ ಹೋಗಿದ್ದ. ಒಂದು ಗಂಟೆ ಕಾದೆ. ಬಂದ. ಮೂವತ್ತೈದರ ಆಸುಪಾಸು, ತೆಳ್ಳಗಿನ ಮನುಷ್ಯ. ಆಟೊ ನಿಲ್ಲಿಸಿದವನು ನನ್ನನ್ನು ಗುರುತಿಸಲಿಲ್ಲ. ಫೋಟೊ ತೋರಿಸಿದೆ.

"ಅಯ್ಯ, ಅಮ್ಮಾರಿಗೆ ಏನಾತು?"

"ತೀರಿಕೊಂಡ್ರು."

"ಅದಲ್ಲ ಸರ್..." ಎಂದವನು ನಿಲ್ಲಿಸಿದ. "ಹೌದೇನ್ರಿ. ಪಾಪ, ಬಾಳ ಚಲೋ ಮಂದಿ" ಎಂದ. ಆಮೇಲೆ ತನ್ನ ಫೋನು ತೆಗೆದ. ಎಲ್ಲಿದೆ ಎಂದು ಹುಡುಕಬೇಕಾಗಲಿಲ್ಲ. ಬೆರಳು ಸೀದಾ ಅಲ್ಲಿಗೇ ಹೋಯಿತು.

ಅವ್ವ. ಕೆಂಪು ಸೀರೆ, ಅರಿಶಿಣ ಹಚ್ಚಿದ ಕೆನ್ನೆ, ಬಿಸಿಲಿಗೆ ಹೊಳೆಯುವ ಮೂಗುಬೊಟ್ಟು.

"ಇದನ್ನ ಯಾಕ ಇಟ್ಕೊಂಡಿಯಪ್ಪಾ ಇಷ್ಟು ದಿನ?"

"ನಾ ತಗದ ಫೋಟೊದಾಗ ಇದೊಂದ ಸರ್ ಚಲೋ ಬಂದಿದ್ದು."

ಇದಕ್ಕಿಂತ ಒಳ್ಳೆಯ ಕಾರಣ ನಾನು ಕೇಳಿಲ್ಲ.

ನಿಧಾನವಾಗಿ ನೋಡಿದೆ. ಇದು ನನಗೆ ಬಂದಿದ್ದ ಫೋಟೊ ಅಲ್ಲ. ಇದರಲ್ಲಿ ಬಲಗಡೆ ಇನ್ನಷ್ಟು ಜಾಗವಿತ್ತು. ಅಲ್ಲೊಂದು ಬೇವಿನ ಮರ, ಮರದ ನೆರಳು, ನೆರಳಿನಲ್ಲಿ ಒಬ್ಬ ಮನುಷ್ಯ. ಕಿವಿಗೆ ಫೋನು, ನಮ್ಮ ಕಡೆಗೆ ಬೆನ್ನು. ನಾನೇ.

"ನನಗ ಕಳಸಿದ್ದರಾಗ ಇದು ಇರಲಿಲ್ಲಲ್ಲ?"

"ನಾನ ಕಟ್ ಮಾಡಿ ಕಳ್ಸಿದ್ನಿ ಸರ್. ನೀವು ಚಂದ ಕಾಣವಲ್ರಿ ಅದರಾಗ."

ಕೇಳಬಾರದಿತ್ತು, ಕೇಳಿದೆ. "ಅವ್ವ ಯಾಕ ನಕ್ಕಿದ್ಲು, ನೆನಪೈತೇನು?"

"ಇಲ್ದೇನು! ನಾ ಅಂದ್ನಿ, ಅಮ್ಮಾ, ನಿಮ್ಮ ಮಗನ್ನ ಕರೀರಿ, ಬಾಜೂಕ ನಿಂದ್ರಲಿ, ಇಬ್ರದೂ ತಗೀತೀನಿ ಅಂತ. ಅದಕ್ಕ ಅಮ್ಮಾರು, ಬ್ಯಾಡ ಬಿಡಪ್ಪ, ಬಿಸಿಲಿಗೆ ಬಂದ್ರ ನನ ಮಗನ ಬಣ್ಣ ಹೋಗ್ತೈತಿ ಅಂದ್ರು. ಅಂದು ತಾವ ನಕ್ಕುಬಿಟ್ರು. ನಾ ಒತ್ತಿಬಿಟ್ನಿ."

ನಗಿಸಿದ್ದು ನಾನೇ ಎಂದು ಹೇಳಿದ್ದೆನಲ್ಲ. ಪೂರ್ತಿ ಸುಳ್ಳೇನೂ ಆಗಲಿಲ್ಲ.

ಬಳ್ಳಾರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ಬಿಸಿಲು ಮುಖಕ್ಕೇ ಬರುತ್ತಿತ್ತು. ಆಚೆ ಬದಿಯ ಸೀಟು ಖಾಲಿಯಿತ್ತು. ಯಾಕೋ ಏಳಬೇಕು ಅನಿಸಲಿಲ್ಲ. ಆ ಕರೆ ಯಾರದ್ದು, ಏನು ಮಾತಾಡಿದೆ ಎಂದು ನೆನಪಿಸಿಕೊಳ್ಳಲು ದಾರಿಯುದ್ದಕ್ಕೂ ಪ್ರಯತ್ನಿಸಿದೆ. ಅರ್ಜೆಂಟ್ ಎಂದಿದ್ದರು, ಅಷ್ಟು ನೆನಪಿದೆ. ಏನು ಅರ್ಜೆಂಟ್ ಎಂಬುದು ನೆನಪಿಲ್ಲ.

ಗಾದಿಲಿಂಗ ಫೋಟೊವನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಮಾಡಿ ಕಳಿಸಿದ್ದ. ಹಾಗೆ ಕಳಿಸಿದರೆ ಗುಣ ಕೆಡುವುದಿಲ್ಲ ಎಂದು ರಫೀಕ್ ಭಾಯಿ ಹೇಳಿಕೊಟ್ಟಿದ್ದರು. ಈ ಸಲ ಸಂಜೆಗೆ ಬೇಕು ಎನ್ನಲಿಲ್ಲ. ಪಿಗ್ಮೆಂಟ್ ಇಂಕ್ ಹಾಕಿ, ಒಣಗಲು ಬಿಟ್ಟು, ಮೇಲೆ ಕೋಟಿಂಗ್ ಹೊಡೆದು, ಮತ್ತೆ ಒಣಗಲು ಬಿಟ್ಟು, ಐದನೆಯ ದಿನ ಕೊಟ್ಟರು. ಪ್ರಿಂಟಿಗೆ ಮೊದಲು ಸ್ಕ್ರೀನಿನಲ್ಲಿ ಬಲಗಡೆ ಬೆರಳಿಟ್ಟು, "ಈ ಮನುಷ್ಯನ್ನ ತಗೀಲೇನ್ರಿ?" ಎಂದು ಕೇಳಿದ್ದರು. ಅಕ್ಕನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಅವಳು ಬಹಳ ಹೊತ್ತು ನಕ್ಕಳು, ಆಮೇಲೆ ಬಹಳ ಹೊತ್ತು ಅತ್ತಳು. ಕೊನೆಗೆ, "ಇರ್ಲಿ, ತಗೀಬ್ಯಾಡ" ಎಂದಳು.

ಮುಂದಿನ ಭಾನುವಾರ ಸಿರುಗುಪ್ಪದಲ್ಲಿ ನಾನೂ ಅಕ್ಕನೂ ಬೆಳಿಗ್ಗೆಯಿಂದ ಸಂಜೆಯವರೆಗೆ ಗೋಡೆ ನೋಡಿದೆವು. ಎಷ್ಟು ಹೊತ್ತಿಗೆ ಎಲ್ಲಿಯವರೆಗೆ ಬಿಸಿಲು ಬರುತ್ತದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದೆವು. ಕೊನೆಗೆ ಕಿಟಕಿ ಇರುವ ಗೋಡೆಯೇ ಸರಿ ಎಂದಾಯಿತು. ಅಲ್ಲಿಗೆ ಬಿಸಿಲು ತಿರುಗಿ ಬರುವುದಿಲ್ಲ. ನಾನು ರಫೀಕ್ ಭಾಯಿಯ ನಿಯಮಗಳನ್ನು ಓದಿ ಹೇಳಿದೆ. ಒಣ ಬಟ್ಟೆಯಲ್ಲಿ ಧೂಳು ಕೊಡವಬೇಕು. ಹತ್ತಿರ ಊದಬತ್ತಿ ಹಚ್ಚಬಾರದು. ಅಡುಗೆ ಹೊಗೆ ತಾಗಬಾರದು. ಕೈಯಿಂದ ಮುಟ್ಟಬಾರದು.

"ಇದ್ದಾಗ ಅವ್ವ ಇಷ್ಟು ನಖರಾ ಮಾಡ್ಲಿಲ್ಲ ನೋಡು" ಎಂದಳು ಅಕ್ಕ.

ಹಳೆಯ ಪ್ರಿಂಟನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಅವ್ವನನ್ನು ಕಸಕ್ಕೆ ಹಾಕಲಾಗುತ್ತದೆಯೇ? ಸುಡಲಾಗುತ್ತದೆಯೇ? (ಒಮ್ಮೆ ಸುಟ್ಟಾಗಿದೆ.) ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಳ್ಳಾರಿಗೆ ತಂದೆ. ಈಗ ನಮ್ಮ ಮನೆಯ ಒಳಕೋಣೆಯಲ್ಲಿದೆ. ಇನ್ನು ಹೋಗಲು ಹೆಚ್ಚು ಬಣ್ಣವಿಲ್ಲದಿರುವುದರಿಂದ ಎಲ್ಲಿಟ್ಟರೂ ನಡೆಯುತ್ತದೆ.

ಅಕ್ಕನ ಮನೆಗೆ ಬಂದವರೆಲ್ಲ ಹೊಸ ಫೋಟೊ ಹೊಗಳುತ್ತಾರಂತೆ. ನಿಮ್ಮವ್ವ ಎಷ್ಟು ಚಂದ ನಕ್ಕಾರ ಎನ್ನುತ್ತಾರಂತೆ. ಆಮೇಲೆ ಕೆಲವರು ಬಲಗಡೆ ಬೆರಳು ತೋರಿಸಿ, ಇವರ್ಯಾರು ಎಂದು ಕೇಳುತ್ತಾರಂತೆ.

ಅಕ್ಕ ಹೇಳುತ್ತಾಳಂತೆ: "ಯಾರೋ, ನೆರಳಿಗೆ ನಿಂತೋರು."