ಆಫೀಸಿನ ಮೆಟ್ಟಿಲ ಮೇಲೆ ಕಟ್ಟಿದ ಹೂವು

ಆಗ ನನಗೆ ಐವತ್ತೊಂಬತ್ತು. ಹನ್ನೆರಡು ವರ್ಷವಾಯಿತು. ಇಷ್ಟು ದಿನ ಸುಮ್ಮನಿದ್ದವಳು ಈಗ ಯಾಕೆ ಹೇಳಿ ಬರೆಸುತ್ತಿದ್ದೇನೆ ಎಂದರೆ, ಹೋದ ಭಾನುವಾರ ಜಯನಗರದ ಒಂದು ಸಭಾಂಗಣದಲ್ಲಿ ನಮ್ಮ ಪುಟ್ಟಲಕ್ಷ್ಮಿಗೆ ಶಾಲು ಹೊದಿಸಿದರು. ತಮ್ಮ ಹಕ್ಕುಗಳಿಗಾಗಿ ಶಾಂತಿಯಿಂದ ಹೋರಾಡಿದ ಹೆಂಗಸರಿಗೆ ಕೊಡುವ ಪ್ರಶಸ್ತಿಯಂತೆ. ಇನ್ನೂ ಮೂವರು ಹೆಂಗಸರಿಗೆ ಕೊಟ್ಟರು. ಶಾಲಿನ ನುಸಿಗುಳಿಗೆಯ ವಾಸನೆ ಮೂರನೇ ಸಾಲಿನಲ್ಲಿದ್ದ ನನ್ನವರೆಗೂ ಬಂತು. ಭಾಷಣ ಮಾಡಿದವರು, ಈಕೆ ಉಪವಾಸ ಕೂತಳು, ಸಿಂಹಿಣಿಯಂತೆ ಗರ್ಜಿಸಿದಳು ಎಂದರು. ಉಪವಾಸ ಎಲ್ಲಿ ಬಂತು? ದಿನಾ ಮಧ್ಯಾಹ್ನ ಚಿತ್ರಾನ್ನ ತಿಂದಿದ್ದೇವೆ. ಅವಳ ದನಿಯೋ, ಪಕ್ಕದಲ್ಲಿ ಕೂತವರಿಗೇ ಸರಿಯಾಗಿ ಕೇಳಿಸುವುದಿಲ್ಲ. ಆದದ್ದು ಏನೆಂದು ನಾನು ಹೇಳುತ್ತೇನೆ, ಕೇಳಿ.

ಇಟ್ಟಮಡುವಿನ ಒಂದು ವಠಾರದಲ್ಲಿ ನಾವು ಹದಿನಾರು ಹೆಂಗಸರು ಹೂವು ಕಟ್ಟುತ್ತಿದ್ದೆವು. ಬೆಳಿಗ್ಗೆ ವ್ಯಾಪಾರಿ ಬಿಡಿಹೂವಿನ ಮೂಟೆ ಇಳಿಸಿ ಹೋಗುತ್ತಿದ್ದ, ಸಂಜೆಯೊಳಗೆ ಮಾಲೆಯಾಗಿರಬೇಕು. ನಮ್ಮಲ್ಲಿ ಓದು ಬರುತ್ತಿದ್ದದ್ದು ಏಳನೇ ಕ್ಲಾಸು ಮುಗಿಸಿದ್ದ ಪುಟ್ಟಲಕ್ಷ್ಮಿಗೆ ಮಾತ್ರ. ನನಗೆ ಬರೀ ಸಹಿ. ಹಿಂದೆ ಹನುಮಂತನಗರದಲ್ಲಿ ಮನೆಕೆಲಸಕ್ಕಿದ್ದಾಗ ಆ ಮನೆಯ ಟೀಚರಮ್ಮ ಹೆಸರು ಬರೆಯಲು ಕಲಿಸಿದ್ದರು. ಉಳಿದವರದು ಹೆಬ್ಬೆಟ್ಟು, ನನ್ನದು ಸಹಿ. ಆ ಜಂಬ ನನಗೆ ಬಹಳವಿತ್ತು.

ಚುನಾವಣೆ ಹತ್ತಿರ ಬಂದಾಗ ಬಿಳಿ ಅಂಗಿಯವನೊಬ್ಬ ಕಾಗದ ಹಿಡಿದು ವಠಾರಕ್ಕೆ ಬಂದ. ಪುಟ್ಟಲಕ್ಷ್ಮಿ ಊರಲ್ಲಿರಲಿಲ್ಲ.

“ಆಂಟಿ, ಎಲ್ರಿಗೂ ಹೊಸ ವೋಟರ್ ಕಾರ್ಡ್ ಬರುತ್ತೆ. ಇಲ್ಲೊಂದು ಸೈನ್ ಹಾಕಿ.”

ಉಳಿದವರು ಅನುಮಾನಪಟ್ಟರು. ನಾನು ಪೆನ್ನು ಇಸಿದುಕೊಂಡು, ಅಕ್ಷರ ಅಕ್ಷರವನ್ನೂ ದುಂಡಗೆ ತಿದ್ದಿ, “ನಾನೇ ಹಾಕಿದೀನಿ, ನಿಮಗೇನ್ರೇ ಭಯ? ಒತ್ತಿ,” ಎಂದೆ. ಹದಿನೈದು ಹೆಬ್ಬೆಟ್ಟು ಬಿದ್ದವು. ಪುಟ್ಟಲಕ್ಷ್ಮಿಯದನ್ನು ಅವಳ ಅತ್ತೆ ಒತ್ತಿದಳು.

ಹೊಸ ಮತದಾರರ ಪಟ್ಟಿ ಬಂದಾಗ ನಮ್ಮ ಹದಿನಾರು ಹೆಸರೂ ಇರಲಿಲ್ಲ. ಪುಟ್ಟಲಕ್ಷ್ಮಿ ಚುನಾವಣೆ ಆಫೀಸಿಗೆ ಹೋಗಿ ಕಾಗದ ತೆಗೆಸಿ ಓದಿದಳು. ‘ಮನೆ ಬದಲಿಸಿದ್ದೇನೆ, ನನ್ನ ಹೆಸರು ತೆಗೆಯಿರಿ’ ಎಂದು ನಾವೇ ಬರೆದುಕೊಟ್ಟ ಹಾಗಿತ್ತು. ಓಟಿತ್ತೆಂದೇ ನಮ್ಮ ವಠಾರಕ್ಕೆ ನಲ್ಲಿ ಬಂದಿತ್ತು. ಓಟಿಲ್ಲದ ವಠಾರಕ್ಕೆ ಯಾರು ಕಾಲಿಡುತ್ತಾರೆ?

“ನಿನ್ನ ನಂಬಿ ಒತ್ತಿದ್ವಲ್ಲೇ, ದೊಡ್ಡ ಮೇಷ್ಟ್ರು ನೀನು,” ಎಂದಳು ಪಕ್ಕದ ಮನೆಯ ಸಾಕಮ್ಮ.

“ಬೈಯೋದು ಆಮೇಲೆ ಇಟ್ಕೊಳಿ,” ಎಂದಳು ಪುಟ್ಟಲಕ್ಷ್ಮಿ. “ನಾಳೆ ಮೂಟೆ ತಗೊಂಡು ಆಫೀಸಿಗೇ ಹೋಗೋಣ. ಅಲ್ಲೇ ಕೂತು ಕಟ್ಟೋಣ. ಯಾರೂ ಕೂಗಬೇಡಿ.” ಆಮೇಲೆ ನನ್ನನ್ನು ಒಂದು ಪಕ್ಕಕ್ಕೆ ಕರೆದು, “ಅಕ್ಕ, ಮೊದಲನೇ ಸೈನ್ ನಿಮ್ದೇ. ಚೆನ್ನಾಗಿ ಬರ್ದಿದೀರ,” ಎಂದಳು. ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

ಮೆಟ್ಟಿಲ ಮೇಲೆ ಒದ್ದೆ ಬಟ್ಟೆ ಹಾಸಿ, ಮಲ್ಲಿಗೆ, ಕನಕಾಂಬರ ಸುರಿದು ಕೂತೆವು. ಜನ ಓಡಾಡಲು ಪುಟ್ಟಲಕ್ಷ್ಮಿ ಒಂದು ಆಳಿನಷ್ಟು ದಾರಿ ಬಿಟ್ಟಿದ್ದಳು. ಜವಾನ ಬಂದು, “ಏಳ್ರಮ್ಮ, ಇದೇನು ಮಾರ್ಕೆಟ್ಟಾ?” ಎಂದ.

“ದಾರಿ ಇದೆ ಅಣ್ಣ, ಧಾರಾಳವಾಗಿ ಹೋಗಿ. ಹೂವು ತುಳೀಬೇಡಿ, ಸಂಜೆ ದೇವರಿಗೆ ಹೋಗೋದು,” ಎಂದಳು ಪುಟ್ಟಲಕ್ಷ್ಮಿ.

ಅಲ್ಲಿಗೆ ಅವನ ಕಾಲು ನಿಂತಿತು. ದೊಡ್ಡ ಆಫೀಸರೇ ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆ ಸವರಿಕೊಂಡು ಒಳಗೆ ಹೋದರು. ಎಬ್ಬಿಸಲು ಕರೆಸಿದ ಮಹಿಳಾ ಪೊಲೀಸು ಸ್ವಲ್ಪ ಹೊತ್ತು ನೋಡಿ, “ಈ ಗಂಟು ಹೇಗೆ ಹಾಕ್ತೀರ?” ಎಂದು ಕೇಳಿ ಕುಕ್ಕರುಗಾಲಲ್ಲಿ ಕೂತಳು. ಐದು ದಿನ ಹೀಗೇ. ಒಬ್ಬರನ್ನೂ ತಡೆಯಲಿಲ್ಲ, ಒಂದು ಮಾಲೆಯೂ ತಪ್ಪಲಿಲ್ಲ.

ಆರನೇ ದಿನ ಆಫೀಸರು ಒಬ್ಬೊಬ್ಬರನ್ನೇ ವಿಚಾರಿಸುತ್ತೇನೆ ಎಂದರು. ಮೊದಲು ನಾನು.

“ಸೈನ್ ನಂದಲ್ಲ ಅಂದ್ಬಿಡ್ಲಾ?” ಎಂದು ಪುಟ್ಟಲಕ್ಷ್ಮಿಯ ಕಿವಿಯಲ್ಲಿ ಕೇಳಿದೆ.

“ಅನ್ನಿ. ಆಮೇಲೆ ಉಳಿದವರೂ ಹೆಬ್ಬೆಟ್ಟು ನಮ್ದಲ್ಲ ಅನ್ಬೇಕು. ಹೋಲಿಸಿ ನೋಡಿದ್ರೆ ಸುಳ್ಳು ಸಿಕ್ಕಿಬೀಳುತ್ತೆ, ಎಲ್ಲರ ಹೆಸರೂ ಹೋಯ್ತು.”

ಒಳಗೆ ಆಫೀಸರು ಕಾಗದ ಮುಂದಿಟ್ಟು, “ಇದು ನಿಮ್ದೇನಮ್ಮ?” ಎಂದರು. ಬಾಗಿಲ ಹತ್ತಿರ ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

“ನಂದೇ ಸಾರ್. ಹೆಸರು ಬರೆಯೋಕೆ ಬರುತ್ತೆ, ಓದೋಕೆ ಬರಲ್ಲ. ಹಾಗಂತ ಹೇಳೋಕೆ ನಾಚಿಕೆ ಆಯ್ತು, ಹಾಕ್ಬಿಟ್ಟೆ. ಇವರನ್ನೂ ಒತ್ತಿಸಿದೆ. ನಾವು ಎಲ್ಲೂ ಹೋಗಿಲ್ಲ, ಬಂದು ಮನೆ ನೋಡಿ.”

ಅವರು ಬಂದು ನೋಡಿದರು. ಮುಂದಿನ ವಾರ ಹದಿನಾರು ಹೆಸರೂ ಪಟ್ಟಿಗೆ ಮರಳಿದವು. ಪುಟ್ಟಲಕ್ಷ್ಮಿ ಒಂದೊಂದೇ ಹೆಸರು ಓದಿ ಹೇಳಿದಳು. ಕೊನೆಗೆ, ಕೈಯ ದಾರ ಬಿಡದೆ, “ಬಿಳಿ ಅಂಗಿಯವನು ಹಿಂದಿನ ಬೀದಿಗೆ ಬಂದಿದ್ನಂತೆ, ಇನ್ನೂ ಬರ್ತಾನಂತೆ,” ಎಂದಳು. ಹೋಗಿ ಅವರನ್ನು ಎಚ್ಚರಿಸಿ ಎಂದು ಯಾರಿಗೂ ಹೇಳಲಿಲ್ಲ. ಅವಳು ಮಾಡಿದ್ದೆಲ್ಲ ಹೀಗೇ. ಅದಕ್ಕೆ ಶಾಲು ಕೊಟ್ಟರು, ಸರಿಯಾಗೇ ಕೊಟ್ಟರು.

ಅವಳು ಹಾಗೆಂದ ಮರುದಿನ ಬೆಳಿಗ್ಗೆ ಮೂಟೆ ಬರುವ ಮುಂಚೆಯೇ ನಾನು ಹಿಂದಿನ ಬೀದಿಗೆ ಹೋಗಿ ಮೊದಲ ಮನೆಯ ಬಾಗಿಲು ಬಡಿದೆ. ಬ್ರಷ್ಷು ಬಾಯಲ್ಲಿಟ್ಟುಕೊಂಡು ಬಂದ ಹೆಂಗಸು, “ಯಾರು ಬೇಕಿತ್ತಕ್ಕ?” ಎಂದಳು.

“ಓದೋಕೆ ಬರದೆ ಸೈನ್ ಹಾಕಿ ಹದಿನಾರು ಜನರ ಓಟು ಕಳ್ದವಳು ನಾನು. ಬಾಯಿ ತೊಳ್ಕೊಂಡು ಬಾ, ಹೇಳ್ತೀನಿ,” ಎಂದೆ.