ಮಕಾಯೊ ಕಾಯ್ದ ನೆಲ

ನಾಕೀಲೊ ಕಡಲತೀರದಲ್ಲಿ ಮಕಾಯೊನಿಂದ ಏಟು ತಿನ್ನದವನು ಊರಿಗೆ ಹೊಸಬನೇ ಇರಬೇಕು ಎಂಬ ಮಾತಿತ್ತು. ಹಡಗುಕಟ್ಟೆಯಲ್ಲಿ ಮೂಟೆ ಹೊತ್ತು ಗಟ್ಟಿಯಾದ ಮೈ, ತೆಂಗಿನಕಾಯಿಯಂಥ ಮುಷ್ಟಿ. ಬೇರೆ ಕಡೆ ಅವನಷ್ಟು ಸಾಧು ಇನ್ನೊಬ್ಬನಿಲ್ಲ. ಪಕ್ಕದ ಮನೆಯ ಮುದುಕಿಗೆ ಮೀನು ತಂದುಕೊಡುತ್ತಿದ್ದ, ಹೆಂಡವನ್ನು ಮೂಸಿಯೂ ನೋಡಿದವನಲ್ಲ. ಆದರೆ ಸಾರ್ವಜನಿಕ ಉದ್ಯಾನದ ತುದಿಯಲ್ಲಿ, ಹೊನ್ನೆಮರದ ಆಚೆಗಿರುವ ಮರಳುದಿಬ್ಬದ ಮೇಲೆ ಯಾರಾದರೂ ಕಾಲಿಟ್ಟರೋ, ಅವರ ಕಥೆ ಮುಗಿಯಿತು.

ಅಲ್ಲಿ ಡೇರೆ ಹೂಡಲು ಹೋದ ಬೆಸ್ತ ಬೆನೀತೊನ ಮುಂದಿನ ಹಲ್ಲುಗಳನ್ನು ಅವನದೇ ಗೂಟದಿಂದ ಉದುರಿಸಿದ. ಚಾಪೆ ಹಾಸಿ ಸುಮ್ಮನೆ ಕೂತಿದ್ದ ಹೊಸ ಗಂಡಹೆಂಡಿರನ್ನೂ ಬಿಡಲಿಲ್ಲ, ಗಂಡನನ್ನು ಎತ್ತಿ ಅಲೆಗೆಸೆದ. ಎರಡು ಸಲ ಜೈಲು ಕಂಡ. ಬಿಡುಗಡೆಯಾದವನು ಮೊದಲು ಹೋದದ್ದು ಮನೆಗಲ್ಲ, ದಿಬ್ಬಕ್ಕೆ. ನಾಯಿಬಾಲ ಡೊಂಕೇ ಎಂದು ಜನ ಆ ಕಡೆ ತಲೆ ಹಾಕುವುದನ್ನೇ ಬಿಟ್ಟರು.

ಮಗ ಲೋಪಕಾನಿಗೂ ವಿನಾಯಿತಿ ಸಿಗಲಿಲ್ಲ. ಅವನ ಮಗಳಿಗೆ ವರ್ಷ ತುಂಬಿತ್ತು, ನಮ್ಮಲ್ಲಿ ಅದಕ್ಕೆ ಊರಿಗೆಲ್ಲ ಊಟ ಹಾಕಬೇಕು. ಇಡೀ ಹಂದಿಯನ್ನು ಎಲೆಯಲ್ಲಿ ಸುತ್ತಿ ಕಾದ ಕಲ್ಲುಗಳ ನಡುವೆ ಹೂತು ಬೇಯಿಸಲು ಗುಂಡಿ ಬೇಕಲ್ಲ? ಮಗನಿಗೆ ಹೊಡೆಯಲಾರ ಎಂಬ ಸಲಿಗೆಯಲ್ಲಿ ಲೋಪಕಾ ಗುದ್ದಲಿ ಹಿಡಿದು ದಿಬ್ಬವನ್ನೇ ಅಗೆಯತೊಡಗಿದ. ಅಪ್ಪ ಓಡಿಬಂದವನೇ ಗುದ್ದಲಿ ಕಿತ್ತುಕೊಂಡು ಅದರ ಕಾವಿನಿಂದ ಮಗನ ದವಡೆಗೆ ಬಿಗಿದ. ಮೂಳೆ ಮುರಿದ ಸದ್ದು ದೂರದಲ್ಲಿದ್ದ ಅಡುಗೆಯವರಿಗೂ ಕೇಳಿಸಿತು. ಬಾಯಿ ತುಂಬ ರಕ್ತ ತುಂಬಿಕೊಂಡು ಬಿದ್ದ ಮಗ, ಯಾಕಪ್ಪಾ ಎಂದು ಕಣ್ಣಲ್ಲೇ ಕೇಳಿದ. ಮಕಾಯೊ ಮುಖ ತಿರುಗಿಸಿಕೊಂಡ. ಅಂದಿನಿಂದ ಅವರಿಬ್ಬರಿಗೂ ಮಾತಿಲ್ಲ.

ಕಾರಣ ಅವನು ಹೇಳುವಂತಿರಲಿಲ್ಲ. ಆ ಮರಳಿನಡಿ ಅವನ ಹಿರೀಕರ ಮೂಳೆಗಳಿದ್ದವು. ಜಾಗ ಯಾವುದೆಂದು ಮನೆತನದಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರಬೇಕು. ಅವರು ಸಾಯುವಾಗ ಇನ್ನೊಬ್ಬರ ಕಿವಿಯಲ್ಲಿ ಹೇಳಬೇಕು. ಕಲ್ಲು ನೆಡಬಾರದು, ಬೇಲಿ ಕಟ್ಟಬಾರದು, ಬೆರಳು ತೋರಿಸಬಾರದು. ವೈರಿಗಳು ಮೂಳೆ ಕದ್ದು ಗಾಳ ಮಾಡಿಕೊಂಡು ಮೀನು ಹಿಡಿಯುತ್ತಿದ್ದ ಕಾಲದ ಕಟ್ಟಳೆ ಅದು. ಅಜ್ಜಿ ಅವನಿಗೆ ಜಾಗ ಹೇಳಿ, "ಬಾಯಿಬಿಟ್ಟೀಯ, ಜೋಕೆ" ಎಂದು ಕಣ್ಣು ಮುಚ್ಚಿದ್ದಳು. ಬಾಯಿ ಕಟ್ಟಿದ ಮೇಲೆ ಅವನಿಗೆ ಉಳಿದದ್ದು ಕೈಯೊಂದೇ.

ನಮ್ಮ ನಗರಕ್ಕೊಂದು ಸನ್ನದಿದೆ. ಊರು ಹೇಗೆ ನಡೆಯಬೇಕೆಂದು ಹೇಳುವ ಆ ಮೂಲಕಟ್ಟಳೆಯನ್ನು ಹತ್ತು ವರ್ಷಕ್ಕೊಮ್ಮೆ ಸಮಿತಿ ಕೂತು ಪರಿಶೀಲಿಸುತ್ತದೆ. ಊರವರು ಮತ ಹಾಕದೆ ಸಾರ್ವಜನಿಕ ನೆಲವನ್ನು ಗುತ್ತಿಗೆಗೆ ಕೊಡುವಂತಿಲ್ಲ ಎಂಬ ಹಳೆಯ ನಿಯಮಕ್ಕೆ ಈ ಸಲ ಒಂದು ಬಾಲ ಅಂಟಿಸಲು ಹೊರಟಿದ್ದರು. ಜನ ಬಳಸದೆ ಬಿಟ್ಟ ನೆಲಕ್ಕೆ ಮತ ಬೇಕಿಲ್ಲವಂತೆ. ದಿಬ್ಬದ ಮೇಲೆ ಮದುವೆ ಮಂಟಪ ಕಟ್ಟಲು ಕಂಪನಿಯೊಂದು ಬಾಯಿ ತೆರೆದು ಕೂತಿತ್ತು.

ಕಂಪನಿ ಕಳಿಸಿದ ನೆಲ ಅಳೆಯುವವನು ಬಂದಾಗ ಮಕಾಯೊ ಎಂದಿನಂತೆ ನುಗ್ಗಿದ. ಮುಕ್ಕಾಲಿಯ ಉಪಕರಣ ಒದ್ದು ಕೆಡವಿದ, ಮೂಗಿಗೊಂದು ಗುದ್ದಿದ. ಅಂಗಿಯೆಲ್ಲ ರಕ್ತವಾದರೂ ಆ ಯುವಕ ನಕ್ಕುಬಿಟ್ಟ.

"ಹೊಡೀರಿ ಅಂಕಲ್, ಇನ್ನೊಂದು ಹೊಡೀರಿ. ಇಲ್ಲಿಗೆ ನರಪಿಳ್ಳೆನೂ ಬರಲ್ಲ ಅಂತ ತೋರ್ಸೋಕೇ ನಾನು ಬಂದಿದ್ದು. ಯಾಕೆ ಬರಲ್ಲ ಅಂತ ಈಗ ಗೊತ್ತಾಯ್ತು. ಕಂಪನಿಯೋರು ನಿಮಗೆ ಹಾರ ಹಾಕ್ಬೇಕು."

ಎತ್ತಿದ ಮುಷ್ಟಿ ಎತ್ತಿದಂತೆಯೇ ನಿಂತಿತು. ಇಷ್ಟು ಕಾಲ ಹೊಡೆದು ಹೊಡೆದು ತಾನು ಕಾಯ್ದದ್ದಲ್ಲ, ನೆಲವನ್ನು ಬರಿದು ಮಾಡಿ ಕಂಪನಿಯ ಕೈಗೆ ಕೊಟ್ಟದ್ದು. ಮಕಾಯೊ ಮರಳಿನ ಮೇಲೆ ಕುಸಿದು ತನ್ನ ತಲೆಗೆ ತಾನೇ ಗುದ್ದಿಕೊಂಡ.

ಸಮಿತಿಯ ಸಭೆಗೆ ಊರೆಲ್ಲ ಬಂದಿತ್ತು. ಅಧ್ಯಕ್ಷೆ ಡೋರಿಸ್ ಹಿರಾತಾ ತೂಕದ ಹೆಂಗಸು. ಕಂಪನಿಯ ವಕೀಲ ಖಾಲಿ ದಿಬ್ಬದ ಚಿತ್ರಗಳನ್ನು ತೋರಿಸಿ, "ಯಾರಿಗೂ ಬೇಡದ ನೆಲ" ಎಂದ. ಆ ಮಾತು ಕಿವಿಗೆ ಬಿದ್ದದ್ದೇ ತಡ, ಮಕಾಯೊ ಮೇಜಿನ ಮೇಲಿಂದ ಹಾರಿ ವಕೀಲನ ಕುತ್ತಿಗೆ ಹಿಡಿದ. ಕುರ್ಚಿಗಳು ಉರುಳಿದವು. ಕಾವಲಿನವರು ಅವನ ತೋಳು ತಿರುಚಿ ಮುಖವನ್ನು ನೆಲಕ್ಕೊತ್ತಿದರು.

ಆಗ ಬೆನೀತೊ ಎದ್ದುನಿಂತು ಕಟ್ಟಿಸಿದ ಹಲ್ಲುಗಳನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟ.

"ಅಮ್ಮಾ, ಯಾರೂ ಹೋಗಿಲ್ಲ ಅಂತಾರಲ್ಲ, ನನ್ನ ಹಲ್ಲು ಮತ್ತೆ ಎಲ್ಲಿ ಹೋಯ್ತು? ಡೇರೆ ಹಾಕಿದ್ದೆ ಅಲ್ಲಿ. ಈ ರಾಕ್ಷಸನ ಮೇಲೆ ಪ್ರೀತಿ ಉಕ್ಕಿ ಹೇಳ್ತಿಲ್ಲ. ಕಡಲು ನಮ್ದು, ಅದಕ್ಕೆ."

ಒಬ್ಬಳು ಮುರಿದು ಕೂಡಿಸಿದ ಮೊಣಕೈ ತೋರಿಸಿದಳು. ಇನ್ನೊಬ್ಬ ಕೂದಲು ಸರಿಸಿ ಹೊಲಿಗೆಯ ಗುರುತು ತೋರಿಸಿದ. ದಿಬ್ಬಕ್ಕೆ ಹೋದವರೆಲ್ಲ ಸಾಲಾಗಿ ಗಾಯ ತೋರಿಸುತ್ತಿದ್ದರೆ, ನೆಲಕ್ಕೆ ಕೆನ್ನೆಯೊತ್ತಿ ಬಿದ್ದಿದ್ದ ಮಕಾಯೊ ತಾನು ಮಾಡಿದ್ದನ್ನು ಮೊದಲ ಸಲ ಒಟ್ಟಿಗೆ ನೋಡಿದ. ಕೊನೆಗೆ ಬಂದವನು ಲೋಪಕಾ. ದವಡೆ ಸೊಟ್ಟಗಿದ್ದುದರಿಂದ ಮಾತು ತೊದಲುತ್ತಿತ್ತು.

"ನನ್ ಮಗಳ ಹುಟ್ಟುಹಬ್ಬಕ್ಕೆ ಗುಂಡಿ ತೋಡ್ತಿದ್ದೆ. ಇದು ಅಪ್ಪ ಕೊಟ್ಟ ಉಡುಗೊರೆ."

ಅಧ್ಯಕ್ಷೆ ಮಕಾಯೊನನ್ನು ಎಬ್ಬಿಸಲು ಹೇಳಿದರು. "ಯಾಕಪ್ಪ ಹೊಡೆದೆ ಇವರನ್ನೆಲ್ಲ?"

ಒಂದೇ ಮಾತು ಸಾಕಿತ್ತು. ಆದರೆ ಅಜ್ಜಿಯ ಕಟ್ಟಳೆ ಅಡ್ಡ ಬಂತು.

"ಕುಡಿದಿದ್ದೆ" ಎಂದ.

ಸಭೆ ಛೀ ಎಂದಿತು. ಲೋಪಕಾ ಮಾತ್ರ ತಲೆಯೆತ್ತಿ ಅಪ್ಪನನ್ನೇ ನೋಡಿದ. ಅಪ್ಪ ಒಂದು ತೊಟ್ಟೂ ಕುಡಿದವನಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಮರಳಿನಡಿ ಅಪ್ಪ ಹೇಳಲಾಗದ್ದೇನೋ ಇದೆ ಎಂದು ಅವನಿಗೆ ಆಗ ಹೊಳೆಯಿತು.

ಸಮಿತಿ ನಿಯಮದ ಬಾಲ ಕತ್ತರಿಸಿತು. ಏಳುವಾಗ ಡೋರಿಸ್, "ಮುಂದಿನ ಪರಿಶೀಲನೆ ಹೊತ್ತಿಗೂ ಜನ ಅಲ್ಲಿ ಓಡಾಡ್ತಾ ಇರ್ಬೇಕು. ಇಲ್ದಿದ್ರೆ ಇದೇ ರಾಮಾಯಣ ಮತ್ತೆ" ಎಂದು ಮಕಾಯೊನತ್ತ ನೋಡಿದರು.

ಆ ಭಾನುವಾರ ಊರೇ ದಿಬ್ಬದ ಮೇಲಿತ್ತು. ಮಕ್ಕಳು ಉರುಳಾಡಿದರು, ಚಾಪೆಗಳು ಬಿಚ್ಚಿಕೊಂಡವು. ಮಕಾಯೊ ಹೊನ್ನೆಮರಕ್ಕೊರಗಿ ತನ್ನ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತಿದ್ದ. ಒಂದೊಂದು ಹೆಜ್ಜೆಯೂ ಅವನ ಎದೆಯ ಮೇಲೇ ಬೀಳುತ್ತಿತ್ತು. ಬೆನೀತೊ ಬೆಂಕಿಗುಂಡಿ ತೋಡಲು ಗುದ್ದಲಿ ಎತ್ತಿದ.

ಮಕಾಯೊ ಏಳುವ ಮೊದಲೇ ಲೋಪಕಾ ಎಲ್ಲಿಂದಲೋ ನುಗ್ಗಿ ಬೆನೀತೊನನ್ನು ಕೆಡವಿ, ಎದೆಯ ಮೇಲೆ ಕೂತು ಮುಷ್ಟಿಯೆತ್ತಿದ್ದ. ಥೇಟ್ ಅಪ್ಪನದೇ ಮುಷ್ಟಿ. ಅದನ್ನು ಕಂಡದ್ದೇ ಮಕಾಯೊ ಎದ್ದ.

"ಬಿಡೋ ಅವನ್ನ! ಹೊಡೀಬೇಡ್ವೋ ಮಗನೇ!" ಎಂದು ಓಡಿಹೋಗಿ ಕೈ ಹಿಡಿದ. "ಕೂರ್ಲಿ ಕಣೋ. ಕೂತ್ರೆ ಏನೂ ಇಲ್ಲ. ಅಗೀಬಾರ್ದು, ಅಷ್ಟೆ."

ಬೆನೀತೊ ಮರಳಲ್ಲಿ ಬಿದ್ದಲ್ಲಿಂದಲೇ ಕೂಗಿದ. "ಇಷ್ಟೇನಾ? ಅಯ್ಯೋ ಪಾಪಿ, ಅವತ್ತೇ ಇಷ್ಟು ಅಂದಿದ್ರೆ ನನ್ ಹಲ್ಲು ಉಳೀತಿತ್ತಲ್ಲೋ!"

ಮಕಾಯೊ ಬಿಕ್ಕಿ ಬಿಕ್ಕಿ ಅತ್ತ. ಲೋಪಕಾ ಕಾಲಡಿಯ ಮರಳನ್ನು ನೋಡಿದ, ಅಪ್ಪನನ್ನು ನೋಡಿದ, ಸೊಟ್ಟ ದವಡೆ ಸವರಿಕೊಂಡ. ಯಾಕೆ ಎಂದು ಈ ಸಲ ಕೇಳಲಿಲ್ಲ. ಗುದ್ದಲಿ ಎತ್ತಿಕೊಂಡು ಹೊನ್ನೆಮರದ ಈಚೆಗೆ ಬಂದು ತಾನೇ ಗುಂಡಿ ತೋಡತೊಡಗಿದ.