ಹೆಬ್ಬಾವಿನ ಬಾಯಿಯ ಹೊಲಿಗೆ

ನಮ್ಮಪ್ಪ ಯಜ್ಞೇಶ್ವರರದು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಫೋಟೋ ತೆಗೆಯುವವರು ಊರಲ್ಲಿ ಬೇರೆಯವರೂ ಇದ್ದರು. ಅಪ್ಪನ ಹೆಸರು ನಿಂತದ್ದು ಅವರ ಪೆನ್ಸಿಲಿನಿಂದ. ಗಾಜಿನ ನೆಗೆಟಿವ್ ಅನ್ನು ಕಿಟಕಿಯ ಬೆಳಕಿಗೆ ಇಟ್ಟು, ಭೂತಗನ್ನಡಿಯಲ್ಲಿ ನೋಡುತ್ತ, ಮುಖದ ಕಲೆಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು. ಕನ್ಯೆ ತೋರಿಸುವವರೆಲ್ಲ ಅವರಲ್ಲಿಗೇ ಬರುತ್ತಿದ್ದರು. ನನ್ನ ಮುಖದ ಮೇಲೂ ಸಿಡುಬಿನ ಕಲೆಗಳಿವೆ. ಅಪ್ಪ ತಿದ್ದಿದ ಫೋಟೋ ಮೆಚ್ಚಿ ಬಂದ ವರನ ಕಡೆಯವರು ನನ್ನನ್ನು ನೋಡಿ, ಅವಲಕ್ಕಿ ತಿಂದು, ಎದ್ದುಹೋದರು. ನನಗೆ ಅವರಿಗಿಂತ ಆ ಪೆನ್ಸಿಲಿನ ಮೇಲೆಯೇ ಹೆಚ್ಚು ಸಿಟ್ಟು ಬಂದಿತ್ತು.

ಮೂವತ್ತಾರನೆಯ ಇಸವಿಯ ಶ್ರಾವಣದಲ್ಲಿ ಊರೂರು ತಿರುಗುವ ಪ್ರಾಣಿಸಂಗ್ರಹಾಲಯವೊಂದು ಗೋಪನಕೊಪ್ಪದ ಬಯಲಿನಲ್ಲಿ ಡೇರೆ ಹಾಕಿತು. ಹುಲಿ ಬಡಕಲು, ಕರಡಿ ಕುರುಡು. ಜನ ಮುಗಿಬಿದ್ದದ್ದು ಹೆಬ್ಬಾವಿಗೆ. ಮನುಷ್ಯನ ತೊಡೆಯಷ್ಟು ದಪ್ಪದ ಆ ಹಾವನ್ನು ಮಾಲೀಕ ಶೇಷನಾಗ ಎಂದು ಸಾರಿದ. ಹೆಡೆಯೇ ಇಲ್ಲದ ಹಾವು ಶೇಷನಾಗ ಹೇಗಾದೀತೆಂದು ನಮ್ಮ ಜಾಣ ಊರಿನಲ್ಲಿ ಒಬ್ಬರೂ ಕೇಳಲಿಲ್ಲ. ತಂಬಿಗೆ ತುಂಬಿಕೊಂಡು ಹೋಗಿ, ದೂರದಲ್ಲಿಟ್ಟ ಬೋಗುಣಿಗೆ ಹಾಲೆರೆದು ಬಂದರು. ನಾಗರಪಂಚಮಿಯ ದಿನ ಅದರ ಫೋಟೋ ಮಾರಬೇಕೆಂದು ಮಾಲೀಕ ಅಪ್ಪನನ್ನು ಕರೆಸಿದ. ಡೇರೆಯಲ್ಲಿ ಮಬ್ಬುಗತ್ತಲೆ. ಒಂದು ಪರದೆ ಎತ್ತಿ ಬೆಳಕು ಬಿಟ್ಟರೇ ಹೊರತು ಹಾವಿನ ಹತ್ತಿರ ಯಾರನ್ನೂ ಬಿಡಲಿಲ್ಲ. ಅಪ್ಪ ದೂರದಿಂದಲೇ ತೆಗೆದು ಬಂದರು.

ಮರುದಿನ ಗಾಜನ್ನು ಕಿಟಕಿಗಿಟ್ಟು ನೋಡಿದವರು ಪೆನ್ಸಿಲ್ ಕೆಳಗಿಟ್ಟು ನನ್ನನ್ನು ಕರೆದರು. ಭೂತಗನ್ನಡಿಯಲ್ಲಿ ನಾನೂ ನೋಡಿದೆ. ಹಾವಿನ ಬಾಯಿಯ ಉದ್ದಕ್ಕೂ ಗೋಣಿಚೀಲದ ಬಾಯಿ ಹೊಲಿದ ಹಾಗೆ ದಾರದ ಹೊಲಿಗೆ ಇತ್ತು. ಕಚ್ಚಬಾರದೆಂದು ಹೊಲಿದುಬಿಟ್ಟಿದ್ದರು. ಅದು ತಿನ್ನುವುದಾದರೂ ಹೇಗೆ?

ಅಪ್ಪ ಮಾಲೀಕನಿಗೆ ಹೇಳಿಕಳಿಸಿದರು. ಅವನು ನಗುನಗುತ್ತಲೇ ಬಂದ. ಊರವರ ಮುಖದ ಕಲೆಗಳನ್ನೆಲ್ಲ ತೆಗೆಯುವ ಕೈಗೆ ನಾಲ್ಕು ಗೆರೆ ಯಾವ ಲೆಕ್ಕ, ಅಳಿಸಿಕೊಡಿ ಎಂದ. ಅಪ್ಪ ಎಂದೂ ಗಿರಾಕಿಗೆ ಎದುರಾಡಿದವರಲ್ಲ. ಅಂದು ಎದ್ದು ನಿಂತರು.

"ಮಾರಿ ಮ್ಯಾಲಿನ ಕಲಿ ದೇವರು ಕೊಟ್ಟದ್ದು, ತಗದೇನಿ. ಈ ಹೊಲಿಗಿ ನೀ ಹಾಕಿದ್ದು. ದಾರ ನೀನ ಬಿಚ್ಚು."

ಅವನು ಬಿಚ್ಚಲಿಲ್ಲ. ಅಪ್ಪ ಪೊಲೀಸ್ ಫೌಜದಾರರ ಬಳಿ ಹೋದರು. ಫೌಜದಾರರ ಹೆಂಡತಿ ಆಗಲೇ ಹಾಲೆರೆದು ಬಂದಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಏನಾದರೂ ಮಾಡೋಣ ಎಂದು ಫೌಜದಾರರು ಚಹಾ ಕುಡಿಸಿ ಕಳಿಸಿದರು. ಅಪ್ಪನಿಗೆ ಬೇರೆ ದಾರಿ ಉಳಿಯಲಿಲ್ಲ. ಒಂದು ಗೆರೆಯನ್ನೂ ತಿದ್ದದೆ ಆ ಫೋಟೋವನ್ನು ದೊಡ್ಡದಾಗಿ ಮುದ್ರಿಸಿ ಸ್ಟುಡಿಯೋದ ಗಾಜಿನ ಕಪಾಟಿನಲ್ಲಿ ಇಟ್ಟರು. ಪಂಚಮಿಗೆ ಹಾಲು ಒಯ್ಯುವ ಹೆಂಗಸರು ನೋಡಿದರೆ ತಾವೇ ಗಲಾಟೆ ಮಾಡಿ ದಾರ ಬಿಚ್ಚಿಸುತ್ತಾರೆ ಎಂದುಕೊಂಡಿದ್ದರು ಪಾಪ.

ಪಂಚಮಿಯ ದಿನ ನಮ್ಮ ಕಡೆ ಹೆಂಗಸರು ಒಲೆಯ ಮೇಲೆ ಹಂಚು ಇಡುವುದಿಲ್ಲ, ಈಳಿಗೆ ಮುಟ್ಟುವುದಿಲ್ಲ, ಸೂಜಿ ಹಿಡಿಯುವುದಿಲ್ಲ. ನಾಗಪ್ಪನಿಗೆ ಚುಚ್ಚುತ್ತದಂತೆ! ಅಂಥವರು ಆ ಫೋಟೋ ನೋಡಿದರು. ನೋಡಿ ಅಪ್ಪನ ಮೇಲೆ ಹರಿಹಾಯ್ದರು. ಪಕ್ಕದ ಮನೆಯ ಚನ್ನಬಸವ್ವ ಮೆಟ್ಟಿಲ ಮೇಲೇ ನಿಂತು, "ಹಬ್ಬದ ದಿನ ದೇವರನ್ನ ಹಿಂಗ ತೋರಸ್ತೀರೇನ್ರಿ? ನಿಮಗ ಛಲೋ ಆಗಾಂಗಿಲ್ಲ" ಎಂದಳು. ಹೊಲಿದವನಿಗೆ ಶಾಪವಿಲ್ಲ, ತೋರಿಸಿದವನಿಗೆ ಶಾಪ. ಸಂಜೆಯೊಳಗೆ ಯಾರೋ ಕಪಾಟಿನ ಗಾಜು ಒಡೆದರು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು.

ಅಷ್ಟರಲ್ಲಿ ಮಾಲೀಕ ಬೇರೆ ಫೋಟೋದವನನ್ನು ಹಿಡಿದು, ಹೊಸದಾಗಿ ಫೋಟೋ ತೆಗೆಸಿ, ಹಾವಿನ ಬಾಯಿ ತಿದ್ದಿಸಿ, ಪಟಗಳನ್ನು ಮಾರಿ ಗದಗಿಗೆ ಹೋದ. ಅಲ್ಲಿ ಹಾವು ಸತ್ತಿತೆಂದು ರೇಲ್ವೆಯಲ್ಲಿದ್ದ ಕಮರುದ್ದೀನ ಬಂದು ಹೇಳಿದ. ಅಪ್ಪ ಅಂದು ಊಟ ಮಾಡಲಿಲ್ಲ. ಆಮೇಲೆ ಅವರು ಯಾರ ಮುಖವನ್ನೂ ತಿದ್ದಲಿಲ್ಲ. ಕನ್ಯೆಯರ ಫೋಟೋಗೆ ಬರುತ್ತಿದ್ದವರು ಬರುವುದು ಬಿಟ್ಟರು. ಅವರು ಬಿಟ್ಟ ಪೆನ್ಸಿಲನ್ನು ನಾನು ಎತ್ತಿಟ್ಟುಕೊಂಡೆ. ಅಪ್ಪ ನನ್ನ ಫೋಟೋವನ್ನೂ ಕಲೆಗಳ ಸಮೇತ ತೆಗೆದು ಧಾರವಾಡದ ಒಂದು ಮನೆಗೆ ಕಳಿಸಿದರು. ನನ್ನನ್ನು ನೋಡಲು ಬಂದ ಕಾಶೀಬಾಯಿ, ಫೋಟೋದಲ್ಲಿದ್ದ ಹುಡುಗಿಯೇ ಎದುರಿಗೆ ಬಂದಳಲ್ಲ ಎಂದು ನಕ್ಕರು. ಅವರೇ ನನ್ನ ಅತ್ತೆಯಾದರು.

ಆ ಮನೆಯ ದೇವರ ಕೋಣೆಯಲ್ಲಿ ಏನಿತ್ತು ಗೊತ್ತೇ? ಅದೇ ಹೆಬ್ಬಾವಿನ ಪಟ. ಬಾಯಿ ನುಣ್ಣಗೆ, ಮೇಲೆ ಕುಂಕುಮ. ಬಂದ ದಿನವೇ ಕಿತ್ತೆಸೆಯಬೇಕೆನಿಸಿತು, ಹೊಸ ಸೊಸೆಯೆಂದು ಹಲ್ಲು ಕಚ್ಚಿಕೊಂಡೆ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ವಾಡಿಕೆ. ಒಂದು ವರ್ಷ ಅತ್ತೆಗೆ ಜ್ವರ ಬಂದು ನಾನು ಹೋಗಲಿಲ್ಲ. ಹಬ್ಬದ ಮುಂಜಾನೆ ಹರಿದ ರವಿಕೆಗೆ ಎರಡು ಹೊಲಿಗೆ ಹಾಕಲು ಕೂತಿದ್ದೆ. ಅತ್ತೆ ಹಾಸಿಗೆಯಿಂದಲೇ, "ಇವತ್ತ ಸೂಜಿ ಹಿಡೀಬ್ಯಾಡ, ನಾಗಪ್ಪಗ ಚುಚ್ಚತದ" ಎಂದರು.

ಸೂಜಿ ಇಟ್ಟೆ. ಟ್ರಂಕಿನಿಂದ ಅಪ್ಪನ ಪೆನ್ಸಿಲ್ ತೆಗೆದೆ. ಪಟವನ್ನು ಚೌಕಟ್ಟಿನಿಂದ ಬಿಚ್ಚಿ, ಆ ಬಾಯಿಯ ಉದ್ದಕ್ಕೂ ಹೊಲಿಗೆಗಳನ್ನು ಮತ್ತೆ ಬರೆದು, ಗೋಡೆಗೆ ತೂಗುಹಾಕಿದೆ.

ಜ್ವರದಲ್ಲೇ ಎದ್ದು, ಪೂಜೆಗೆಂದು ಹಾಲಿನ ಬಟ್ಟಲು ಹಿಡಿದು ಬಂದ ಅತ್ತೆ ಅದನ್ನು ಕಂಡು ನಿಂತರು. ಇದೇನೆಂದು ಕೇಳಿದರು. ಎಲ್ಲ ಹೇಳಿದೆ, ದನಿ ಏರಿಸಿಯೇ ಹೇಳಿದೆ. ಅವರು ಬೈಯಲಿಲ್ಲ. ಬಟ್ಟಲು ಕೆಳಗಿಟ್ಟು ಕೂತುಬಿಟ್ಟರು.

"ನಾನೂ ಹುಬ್ಬಳ್ಳಿಗೆ ಹೋಗಿ ಹಾಲು ಹಾಕಿ ಬಂದಿದ್ದೆ, ಸುಹಾಸಿನಿ. ಅದು ಬಾಯಿ ತೆರೀಲಿಲ್ಲ. ದೇವರಿಗೆ ಹೊಟ್ಟಿ ತುಂಬೇದ ಅಂತ ತಿಳದೆ."

ಆ ಪಟ ಈಗಲೂ ನಮ್ಮ ದೇವರ ಕೋಣೆಯಲ್ಲಿದೆ, ಹೊಲಿಗೆಯ ಸಮೇತ. ಅಳಿಸುವವರು ಬರಲಿ, ನೋಡುತ್ತೇನೆ.